ಕಂಚಿಹಳ್ಳದ ನಾಲಿಗೆ

ನೀರಿನ ರುಚಿಯನ್ನು ತಂತಿಯ ಮೇಲೆ ಕಳಿಸಬಹುದು ಎಂದು ಲೋಕಕ್ಕೆ ಗೊತ್ತಾದಾಗ, ಅದನ್ನು ಮೊದಲು ಮನೆಮನೆಗೂ ತರಿಸಿಕೊಂಡವರು ಪಟ್ಟಣದವರಲ್ಲ, ಕಂಚಿಹಳ್ಳದವರು. ಪಟ್ಟಣದವರಿಗೆ ತಾವು ಕುಡಿಯುವ ನೀರಿನ ನಿಜವಾದ ರುಚಿ ತಿಳಿದುಕೊಳ್ಳುವ ಧೈರ್ಯ ಇರಲಿಲ್ಲ ಅನ್ನಿ.

ಕಂಚಿಹಳ್ಳ ಅಂಥ ದೊಡ್ಡ ಹೊಳೆಯೇನಲ್ಲ. ಗೇರುಗುಡ್ಡದ ಬುಡದ ಒರತೆಗಳಲ್ಲಿ ಹುಟ್ಟಿ, ಹನ್ನೊಂದು ಕಿಲೋಮೀಟರು ಸುತ್ತಿ ಬಳಸಿ ಬಂದು, ಗಜನಿ ಗದ್ದೆಗಳ ನಡುವೆ ಮೈ ಚಾಚಿ, ಸಮುದ್ರದ ಎದುರಿಗೆ ಬಂದು ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಹಳ್ಳ ಸೊರಗಿದಾಗ ಸಮುದ್ರ ಅದರ ಬಾಯಿಗೆ ಮರಳು ತುಂಬುತ್ತದೆ. ಮಳೆ ಬಿದ್ದ ಮೇಲೆ ಊರವರು ಸೇರಿ ಆ ಮರಳ ದಿಬ್ಬವನ್ನು ಕಡಿದು ಬಾಯಿ ಬಿಡಿಸಬೇಕು. ಇದಕ್ಕೆ ಅಲ್ಲಿಯವರು ಕೋಡಿ ಕಡಿಯುವುದು ಎನ್ನುತ್ತಾರೆ.

ಕಡಿಯುವುದು ಅರ್ಧ ದಿನದ ಕೆಲಸ. ಯಾವ ದಿನ ಕಡಿಯಬೇಕು ಎಂಬುದೇ ಕಷ್ಟ. ಗಜನಿ ಎಂದರೆ ಉಪ್ಪುನೀರು ಹತ್ತಿ ಇಳಿಯುವ ತಗ್ಗು ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಎಂಬ ಹಟಮಾರಿ ಭತ್ತ. ದೊಡ್ಡದಾದ ಮೇಲೆ ಕಗ್ಗ ಉಪ್ಪಿಗೆ ಹೆದರುವುದಿಲ್ಲ, ಆದರೆ ಮೊಳಕೆಯಲ್ಲಿ ಅದೂ ಕೂಸೇ, ಸಿಹಿನೀರೇ ಬೇಕು. ಕೋಡಿಯನ್ನು ತಡವಾಗಿ ಕಡಿದರೆ ಮಳೆನೀರು ನಿಂತು ಮೊಳಕೆ ಕೊಳೆಯುತ್ತದೆ. ಬೇಗ ಕಡಿದರೆ ಹಳ್ಳದಲ್ಲಿ ಬಲವಿಲ್ಲದೆ, ಉಬ್ಬರದ ಹೊತ್ತಿಗೆ ಸಮುದ್ರ ಒಳಗೆ ನುಗ್ಗಿ ಮೊಳಕೆ ಸುಡುತ್ತದೆ. ನಲವತ್ತು ಮನೆಯವರ ಬೀಜ ಅದು. ಹೋದರೆ ಬೇರೆ ಊರಲ್ಲಿ ಆ ತಳಿ ಇಲ್ಲ.

ಹಳ್ಳಕ್ಕೆ ಬಲ ಬಂದದ್ದು ನೀರಿನ ಎತ್ತರದಿಂದ ತಿಳಿಯುವುದಿಲ್ಲ. ಗುಡ್ಡದ ಮೈಮೇಲಿಂದ ಜಾರಿ ಬಂದ ನೀರು ಮಳೆ ನಿಂತರೆ ತಾನೂ ನಿಲ್ಲುತ್ತದೆ. ಗುಡ್ಡದ ಹೊಟ್ಟೆಯೊಳಗೆ ಇಳಿದು, ಜಂಬಿಟ್ಟಿಗೆ ಕಲ್ಲಿನ ಕಬ್ಬಿಣ ನೆಕ್ಕಿ, ಒರತೆಯಾಗಿ ಒಡೆದು ಬಂದ ನೀರು ಮಾತ್ರ ನಿಲ್ಲುವುದಿಲ್ಲ. ಹೊಟ್ಟೆನೀರು ದಿಬ್ಬದವರೆಗೆ ಬಂತೋ ಇಲ್ಲವೋ ಎಂಬುದನ್ನು ನಾಲಿಗೆಯಿಂದಲೇ ತಿಳಿಯಬೇಕು. ಹಾಗೆ ತಿಳಿದು ಹೇಳುವುದು ಒಂದು ಅಂಬಿಗರ ಮನೆಯ ಹೆಂಗಸರ ಹಕ್ಕು. ಈಗ ಆ ಹಕ್ಕು ಬುದವಂತಿಯದು. ಅವಳ ಆಯಿ ಕಣ್ಣು ಮುಚ್ಚುವ ಮೊದಲು ಮಗಳ ಬಾಯಿಗೆ ಏಳು ಕಡೆಯ ನೀರು ಹಾಕಿಸಿ, ಏಳಕ್ಕೂ ಸರಿಯಾದ ಉತ್ತರ ಕೇಳಿಯೇ ಕಣ್ಣು ಮುಚ್ಚಿದಳಂತೆ.

ಉಜ್ವಲಾ ಎಂಬ ವಿಜ್ಞಾನಿ ಕಾರವಾರದಿಂದ ಬಂದು ಹಳ್ಳದ ದಡದ ಹಳೇ ಮೀನು ಶೆಡ್ಡಿನಲ್ಲಿ ಕೇಂದ್ರ ತೆರೆದು ಎಂಟು ವರ್ಷವಾಗಿತ್ತು. ಹಳ್ಳದ ಉದ್ದಕ್ಕೂ ಮುನ್ನೂರು ಅಳತೆಕಡ್ಡಿಗಳನ್ನು ನೆಟ್ಟಳು. ಅವು ಉಪ್ಪು, ಹುಳಿ, ಕಬ್ಬಿಣ, ಎಲೆಯ ಒಗರು ಎಲ್ಲವನ್ನೂ ಅಂಕಿಯಲ್ಲಿ ಹೇಳುತ್ತಿದ್ದವು. ಆದರೆ ವಾರಕ್ಕೊಮ್ಮೆ ಪಾಚಿ ಕಟ್ಟಿ ಸುಳ್ಳು ಹೇಳಲು ಹಿಡಿಯುತ್ತಿದ್ದವು. ಅದಕ್ಕೆ ಉಜ್ವಲಾ ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಬುದವಂತಿ ನೀರು ಚಪ್ಪರಿಸಿ ಏನು ಹೇಳುತ್ತಾಳೋ ಅದನ್ನೇ ನಿಜವೆಂದು ಹಿಡಿದು, ಯಂತ್ರ ತನ್ನ ಕಡ್ಡಿಗಳನ್ನು ತಿದ್ದಿಕೊಳ್ಳಬೇಕು. ಎರಡು ವರ್ಷ ಹೀಗೆ ಕಲಿತ ಮೇಲೆ ಯಂತ್ರಕ್ಕೆ ಹಳ್ಳದ ರುಚಿ ಒಲಿಯಿತು. ಊರವರು ಅದಕ್ಕೆ ನಾಲಿಗೆ ಎಂದೇ ಹೆಸರಿಟ್ಟರು.

ಆಮೇಲೆ ಬಂದದ್ದು ಹಾಳೆ. ಉಗುರಿನಗಲದ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತುಣುಕು. ನಾಲಿಗೆಯ ಮೇಲಿಟ್ಟುಕೊಂಡರೆ ಯಂತ್ರ ಕಳಿಸಿದ ರುಚಿ ನೇರವಾಗಿ ನರಕ್ಕೆ ಮುಟ್ಟುತ್ತದೆ. ಮನೆಯ ಚಾವಡಿಯಲ್ಲಿ ಕೂತು ಗೇರುಗುಡ್ಡದ ಒರತೆ ಬೇಕೆಂದರೆ ಒರತೆ, ಸೇತುವೆಯ ಕೆಳಗಿನ ಮಡು ಬೇಕೆಂದರೆ ಮಡು. ಮೊದಲ ವರ್ಷ ಜಗಳವೋ ಜಗಳ. ಮೇಲಿನವರು ಬಟ್ಟೆ ಒಗೆದ ಸೋಪು ಕೆಳಗಿನವರ ಬಾಯಿಗೆ ಬಂತು. ಯಾರ ಮನೆಯಲ್ಲಿ ಯಾವ ಸೋಪು, ಯಾರು ಕೋಳಿ ಪುಕ್ಕ ಎಲ್ಲಿ ಎಸೆದರು ಎಂಬುದೆಲ್ಲ ಹನ್ನೊಂದು ಕಿಲೋಮೀಟರಿನಲ್ಲಿ ಬಯಲಾಗಿ, ಮಾನವಿದ್ದವರು ನಾಚಿದರು, ಮಾನವಿಲ್ಲದವರೂ ಹೆದರಿದರು. ಹಳ್ಳ ತಾನಾಗಿ ತಿಳಿಯಾಯಿತು.

ಜಗಳ ಮುಗಿದ ಮೇಲೆ ಜನರಿಗೆ ಅದು ಚಟವಾಯಿತು. ದೋಸೆ ಹೊಯ್ಯುವಾಗ, ಬಲೆ ಬಿಡಿಸುವಾಗ, ಬಸ್ಸು ಕಾಯುವಾಗ ಬಾಯಲ್ಲಿ ಹಳ್ಳ. ಮಧ್ಯಾಹ್ನ ಊಟ ಮಾಡಿ ಹಾಳೆ ಇಟ್ಟುಕೊಂಡು ಅಡ್ಡಾದವರಿಗೆ ಒಂದೇ ಬಗೆಯ ಕನಸು ಬೀಳುತ್ತಿತ್ತು. ಮೊಣಕಾಲುದ್ದದ ನೀರು, ಯಾರದೋ ಸೊಂಟದ ಮೇಲೆ ಕೂತ ಹಾಗೆ, ತಣ್ಣಗಿನ ನೆರಳು, ನೀರಿನ ಮೇಲೆ ಬಿಳಿ ಹೂವಿನ ಎಸಳು. ಗುಡ್ಡದವರೂ ಕಡಲಿನವರೂ ಒಬ್ಬರಿಗೊಬ್ಬರು ಹೇಳಿಕೊಂಡು ಬೆರಗಾಗುತ್ತಿದ್ದರು. ಎಂಥ ಹೂವು ಅದು ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಬುದವಂತಿಗೆ ತಿಳಿದಿತ್ತು. ಅದು ಕಂಚಿ ಹೂವು. ಹಳ್ಳಕ್ಕೆ ಹೆಸರು ಕೊಟ್ಟ ಕೊನೆಯ ಕಂಚಿ ಮರವನ್ನು ಕಡಿದಾಗ ಅವಳಿಗೆ ಏಳು ವರ್ಷ.

ಮೂರು ವರ್ಷದ ಹಿಂದೆ ಅವಳಿಗೊಂದು ಜ್ವರ ಬಂದಿತ್ತು. ಹತ್ತು ದಿನ ಮಲಗಿ ಎದ್ದಳು, ಜ್ವರ ಬಿಟ್ಟಿತು, ಜೊತೆಗೆ ರುಚಿಯೂ ಹೋಯಿತು. ಬಂಗಡೆ ಮೀನಿಗೂ ಬಾಳೆಹಣ್ಣಿಗೂ ವ್ಯತ್ಯಾಸ ಉಳಿಯಲಿಲ್ಲ. ಎರಡೂ ಒದ್ದೆ ಬಟ್ಟೆ ಅಗಿದಂತೆ. ಗಂಡ ಜಟ್ಟಪ್ಪನಿಗೂ ಹೇಳಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಎದ್ದ ನಾಲ್ಕನೆಯ ಬೆಳಿಗ್ಗೆ ಕೇಂದ್ರದವರು ನೀರು ನೋಡಿಸಲು ಎಂದಿನಂತೆ ದೋಣಿ ತಂದರು. ಹಾಳೆಯೊಂದನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡು ಹೋದಳು. ಆಗ ತಿಳಿಯಿತು, ಸತ್ತದ್ದು ನಾಲಿಗೆಯ ಮೇಲಿನ ರುಚಿಮೊಗ್ಗು, ಒಳಗಿನ ನರವಲ್ಲ. ಹಾಳೆ ಇಟ್ಟರೆ ಹಳ್ಳ ಬಾಯಿಗೆ ಬರುತ್ತಿತ್ತು! ದೋಣಿಯಲ್ಲೇ ಅವಳ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಸೆರಗಿನಿಂದ ಒರೆಸಿಕೊಂಡಳು.

ಅಂದಿನಿಂದ ಅವಳ ಬಾಯಲ್ಲಿ ಹಾಳೆ ಅಡಗಿಯೇ ಇತ್ತು. ಏಳು ಕಡೆ ನೀರು ಮೊಗೆದು ಚಪ್ಪರಿಸುತ್ತಿದ್ದಳು, ಹಾಳೆ ಹೇಳಿದ್ದನ್ನು ಹೇಳುತ್ತಿದ್ದಳು. ಯಂತ್ರ ಅವಳ ಮಾತು ಕೇಳಿ ತಿದ್ದಿಕೊಳ್ಳುತ್ತಿತ್ತು, ಅವಳು ಯಂತ್ರದ ಮಾತು ಕೇಳಿ ಹೇಳುತ್ತಿದ್ದಳು. ಎರಡು ಕನ್ನಡಿ ಎದುರುಬದುರು ಇಟ್ಟ ಹಾಗೆ. ಮೊದಮೊದಲು ಹೆದರಿಕೆ ಇತ್ತು. ಆದರೆ ಎರಡು ವರ್ಷ ಕೋಡಿ ಸರಿಯಾದ ದಿನವೇ ಕಡಿದದ್ದಾಯಿತು, ಮಳೆ ಧಾರಾಳವಾಗಿತ್ತು, ಬೆಳೆಯೂ ಬಂತು. ಹೆದರಿಕೆ ಹೋದ ಮೇಲೆ ಆಸೆ ಹುಟ್ಟಿತು. ಒಂದು ಬೆಳಿಗ್ಗೆ, ಆಯಿಯ ಸೊಂಟದ ಮೇಲೆ ಕೂತು ಹಳ್ಳ ದಾಟಿದ್ದು ನೆನಪಾಗಿ, "ಕಂಚಿ ಹೂವಿನ ಒಗರು ಬತ್ತದೆ ತಂಗಿ" ಎಂದುಬಿಟ್ಟಳು. ಯಂತ್ರ ಆ ಒಗರನ್ನು ಹುಡುಕಿ, ಒಂದಿಷ್ಟು ಸೇರಿಸಿತು. ಮರುದಿನ ಹಾಳೆಯಲ್ಲಿ ಅದು ನಿಜವಾಗಿಯೇ ಬಂತು. ಇನ್ನೊಂದು ದಿನ ಕಬ್ಬಿಣ ಸ್ವಲ್ಪ ಹೆಚ್ಚು ಹೇಳಿದಳು, ಹಿಂದೆ ಇತ್ತಲ್ಲ, ಹಾಗೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನಿಸಲೇ ಇಲ್ಲ. ನೆನಪು ಮಾಡಿಕೊಳ್ಳುತ್ತಿದ್ದೇನೆ ಎಂದಷ್ಟೇ ಅನಿಸುತ್ತಿತ್ತು.

"ಈಗೀಗ ನಮ್ಮ ಹಳ್ಳ ಎಷ್ಟು ಚೊಲೊ ಆಗದೆ!" ಎಂದು ಜನ ಬಾಯಿ ಚಪ್ಪರಿಸಿದರು. ನಲವತ್ತು ಮನೆಯವರು ಒಬ್ಬ ಹೆಂಗಸಿನ ಬಾಲ್ಯವನ್ನು ಕುಡಿಯುತ್ತಿದ್ದರು. ಅದು ಅವಳಿಗೂ ಪೂರ್ತಿ ಗೊತ್ತಿರಲಿಲ್ಲ.

ಈ ವರ್ಷ ಮಳೆ ಚೇಷ್ಟೆ ಮಾಡಿತು. ಒಂದು ದಿನ ಜಡಿಯುವುದು, ಎರಡು ದಿನ ಬಿಸಿಲು. ದಿಬ್ಬದ ಹಿಂದೆ ನೀರು ಏರಿತು. ಗಜನಿಯಲ್ಲಿ ಮೊಳಕೆ ಮೂರು ಬೆರಳು ಎದ್ದು, ಇನ್ನೊಂದು ಗೇಣು ನೀರು ಹೆಚ್ಚಿದರೆ ಮುಳುಗುವ ಹಾಗಿತ್ತು. ಆ ಭಾನುವಾರ ಹಾಳೆಯಲ್ಲಿ ಕಬ್ಬಿಣದ ರುಚಿ ದಟ್ಟವಾಗಿ ಬಂತು. ಬುದವಂತಿ ಹಾಗೆಯೇ ಹೇಳಿದಳು. ಕೇಂದ್ರದ ಗೋಡೆಯ ಮೇಲೆ ಹಸಿರು ದೀಪ ಹತ್ತಿತು: ಹೊಟ್ಟೆನೀರು ಬಂದಿದೆ, ನಾಳೆ ಕೋಡಿ ಕಡಿಯಬಹುದು. ಗಜನಿಯ ಯಜಮಾನ ಹಮ್ಮು ಗೌಡ ಮನೆಮನೆಗೆ ಹೇಳಿಕಳಿಸಿದ.

ಅದೇ ಸಂಜೆ ಗೇರುಗುಡ್ಡದಿಂದ ಬುದವಂತಿಯ ಅಣ್ಣನ ಹೆಂಡತಿ ಸೋಮಿ ಬಂದಳು. ಕೋಡಿ ಕಡಿಯುವುದನ್ನು ನೋಡಲು ವರ್ಷವೂ ಬರುವವಳು. ಕಾಲು ತೊಳೆದು, ಚಾ ಕುಡಿದು, ಗೋಡೆಗೆ ಒರಗಿ ನಿಟ್ಟುಸಿರು ಬಿಟ್ಟಳು.

"ಸಾಕಾಗೋಯ್ತೆ ಬುದವಂತಿ. ಇನ್ನೂ ಕೆಳಗಿನ ಬಾವಿಂದ ನೀರು ಹೊರೂದೇ ಆತು."

"ಎಂತಕೆ ಅತ್ತಿಗೆ? ಒರತೆ ಅದ್ಯಲ್ಲ?"

"ಎಲ್ಲಿ ಒರತೆ? ಇನ್ನೂ ಒಡೀಲೇ ಇಲ್ಲ. ಮಳೆ ಬಂದದ್ದು ಹಾಂಗೇ ಮೇಲಿಂದ ಜಾರಿ ಹೋತು. ಒರತೆ ಕಲ್ಲ ಮೇಲೆ ನಿನ್ನೆ ಹಪ್ಪಳ ಒಣಗ್ಸಿದ್ದೆ ನಾ."

ಬುದವಂತಿಯ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. ಅವಳ ಬಾಯಲ್ಲಿ ಆ ಹೊತ್ತಿಗೂ ಹಾಳೆ ಇತ್ತು. ಹಾಳೆಯಲ್ಲಿ ಗೇರುಗುಡ್ಡದ ಒರತೆ ಹರಿಯುತ್ತಿತ್ತು, ತಣ್ಣಗೆ, ಕಬ್ಬಿಣದ ಅದಿರು ಕರಗಿಸಿದಂತೆ. ಸೋಮಿ ಹಪ್ಪಳ ಒಣಗಿಸಿದ ಕಲ್ಲಿನ ಮೇಲಿನ ಒರತೆ!

"ನಿಮ್ಮ ಹಾಳೆ ಎಂತ ಹೇಳ್ತದೆ ಅತ್ತಿಗೆ?"

"ಅದು ಒರತೆ ಅದೆ ಅಂತದೆ. ಬಾಯಿಗೆ ಸಿಹಿ ಆತದೆ ಅಂದ್ಕಂಡು ನಾವೂ ಇಟ್ಕಂತೆವು. ಹೊಟ್ಟೆಗೆ ಬೇಕಾದ್ದು ಬಾವಿದು. ಯಾರ್ ಕೇಳ್ತ್ರು?" ಎಂದು ಸೋಮಿ ನಕ್ಕಳು.

ಬುದವಂತಿಗೆ ನಗು ಬರಲಿಲ್ಲ. ನಾಳೆ ಕೋಡಿ ಕಡಿದರೆ ಏನಾಗುತ್ತದೆ ಎಂದು ಅವಳ ಕಣ್ಣಿಗೆ ಕಟ್ಟಿತು. ನಾಳಿದ್ದು ಹುಣ್ಣಿಮೆಯ ಉಬ್ಬರ. ಮೇಲಿನ ನೀರು ಒಂದು ದಿನದಲ್ಲಿ ಬರಿದಾಗಿ, ಹಿಂದೆಯೇ ಸಮುದ್ರ ಬಂದು ಮೊಳಕೆಯ ಮೇಲೆ ಮಲಗುತ್ತದೆ. ಹೇಳಿಬಿಡಬೇಕು. ಹೇಳಿದರೆ ಯಂತ್ರ ನಿಲ್ಲಿಸುತ್ತಾರೆ, ಹಾಳೆ ಸುಮ್ಮನಾಗುತ್ತದೆ. ಅದರ ಆಚೆ ಅವಳ ಬಾಯಲ್ಲಿ ಸಾಯುವ ತನಕ ಒದ್ದೆ ಬಟ್ಟೆ. ಮಾನ ಹೋಗುವುದು ಇನ್ನೊಂದು. ನಿಜ ಹೇಳಬೇಕೆಂದರೆ ಅವಳು ಮಾನಕ್ಕಿಂತ ಹೆಚ್ಚಾಗಿ ಆ ರುಚಿಗೇ ಅಳುತ್ತಿದ್ದಳು.

ಕತ್ತಲಾಗುವ ಮೊದಲು ಕೇಂದ್ರಕ್ಕೆ ಹೋದಳು. ಉಜ್ವಲಾ ಪರದೆಯ ಮುಂದೆ ಕೂತಿದ್ದಳು. ಪರದೆಯ ಮೇಲೆ ಇಡೀ ಹಳ್ಳ, ಅದಕ್ಕೆ ಸೇರುವ ತೊರೆ, ತೋಡು, ಗದ್ದೆ ಬದುವಿನ ಸೀಳು ಎಲ್ಲ ಅರಳಿ ಎಲೆಯ ನರಗಳಂತೆ ಮಿನುಗುತ್ತಿದ್ದವು. ನೋಡುತ್ತ ನಿಂತರೆ ನಿದ್ದೆ ಬರುವಷ್ಟು ಚೆಂದ.

"ಬುದವಂತಕ್ಕ, ಬನ್ನಿ ಬನ್ನಿ. ಎಂಟು ವರ್ಷದಲ್ಲಿ ಇಷ್ಟು ಚೊಕ್ಕ ಯಾವತ್ತೂ ಬಂದಿರ್ಲಿಲ್ಲ. ಯಂತ್ರ ಮತ್ತು ನೀವು ನೂರಕ್ಕೆ ನೂರು ಒಂದೇ ಹೇಳ್ತಿದ್ದೀರಿ!"

"ನೂರಕ್ಕೆ ನೂರಾ?"

"ಹೌದು. ಮೊದಲೆಲ್ಲ ನೀವು ದಿನಾ ನಾಲ್ಕು ತಪ್ಪು ಹಿಡೀತಿದ್ರಿ. ಈಗ ಮೂರು ವರ್ಷದಿಂದ ಅಪರೂಪಕ್ಕೊಂದು, ಈ ವರ್ಷ ಒಂದೂ ಇಲ್ಲ."

ಉಜ್ವಲಾಳ ಮುಖದ ಸಂತೋಷವನ್ನು ಕೆಡಿಸುವುದು ಬುದವಂತಿಯ ಕೈಯಲ್ಲಾಗಲಿಲ್ಲ. "ನಾಳೆ ಕಾಂಬ ತಂಗಿ" ಎಂದು ಹೇಳಿ ತಿರುಗಿ ಬಂದಳು. ಹೇಡಿ ನಾನು ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಬೆಳಿಗ್ಗೆ ಮರಳ ದಿಬ್ಬದ ಮೇಲೆ ನಲವತ್ತು ಮನೆಯವರೂ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಸೇರಿದ್ದರು. ಬಿಸಿಲು ಎಳೆಯದಾಗಿತ್ತು. ಒಂದು ಕಡೆ ಹಳ್ಳ ಅಲುಗಾಡದೆ ತುಂಬಿ ನಿಂತಿತ್ತು, ಇನ್ನೊಂದು ಕಡೆ ಸಮುದ್ರ. ಹೆಂಗಸರ ಬಾಯಲ್ಲೆಲ್ಲ ಹಾಳೆ; ಅರೆಗಣ್ಣು ಮುಚ್ಚಿ ನಿಂತಿದ್ದರು.

ಅಲ್ಲಿಯ ಪದ್ಧತಿ ಹೀಗೆ. ಮೊದಲ ಹಾರೆ ಬೀಳುವ ಮುಂಚೆ ಬುದವಂತಿ ದಿಬ್ಬದ ಬುಡದ ನೀರನ್ನು ಒಂದು ಬಾಯಿ ತೆಗೆದುಕೊಳ್ಳಬೇಕು. ಸಮುದ್ರದ ಕಡೆಗೆ ಉಗಿದರೆ ಕಡಿಯಬಹುದು. ನುಂಗಿದರೆ ಹಾರೆ ಹೊತ್ತು ಮನೆಗೆ ಹೋಗಬೇಕು, ಮಾತಿಲ್ಲ. ದಿನ ಮೊದಲೇ ಗೊತ್ತಾಗಿರುತ್ತಿದ್ದರಿಂದ ಅವಳು ನುಂಗಿದ್ದನ್ನು ಈಗಿನವರು ಯಾರೂ ಕಂಡಿರಲಿಲ್ಲ.

ಬುದವಂತಿ ಮೊಣಕಾಲುದ್ದ ನೀರಿಗೆ ಇಳಿದಳು. ಬೊಗಸೆಯಲ್ಲಿ ನೀರು ತುಂಬಿಕೊಂಡಳು. ಹಾಳೆ ಇನ್ನೂ ಬಾಯಲ್ಲಿತ್ತು. ಕಂಚಿ ಹೂವು, ತಣ್ಣೆಳಲು, ಆಯಿಯ ಸೊಂಟದ ಬಿಸುಪು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಎಲ್ಲರ ಎದುರಿಗೇ ಎರಡು ಬೆರಳು ಹಾಕಿ ಹಾಳೆಯನ್ನು ತೆಗೆದು ಸೆರಗಿಗೆ ಕಟ್ಟಿಕೊಂಡಳು. ಬೊಗಸೆಯ ನೀರು ಬಾಯಿಗೆ ಹಾಕಿಕೊಂಡಳು. ಏನೂ ಇರಲಿಲ್ಲ. ನೀರು ಒದ್ದೆಯಾಗಿತ್ತು, ಅಷ್ಟೇ.

ನುಂಗಿದಳು.

"ಎಂತದೇ ಇದು?" ಹಮ್ಮು ಗೌಡನ ಹಾರೆ ಮೇಲೆತ್ತಿದ್ದು ಮೇಲೆಯೇ ಉಳಿಯಿತು. "ನಿನ್ನೆ ನೀನೇ ಹೇಳ್ದೆ ಬಂತು ಅಂದ್ಕಂಡು. ದೀಪನೂ ಹಸಿರಾಗದೆ."

"ಬರ್ಲಿಲ್ಲ ಗೌಡ್ರೆ. ಒರತೆ ಇನ್ನೂ ಒಡೀಲಿಲ್ಲ. ನಮ್ಮ ಅತ್ತಿಗೆ ಇಲ್ಲೇ ಅದೆ, ಕೇಳಿ."

"ಹಾಂಗಾರೆ ನಿನ್ನ ನಾಲ್ಗೆ?"

ಬುದವಂತಿ ಸೆರಗಿನ ಗಂಟು ಹಿಡಿದುಕೊಂಡಳು. "ನನ್ನ ನಾಲ್ಗೆ ಸತ್ತು ಮೂರು ವರ್ಷ ಆಯ್ತು. ನಾ ಹೇಳ್ದದ್ದೆಲ್ಲ ಹಾಳೆ ಹೇಳ್ದದ್ದು. ಹಾಳೆ ಹೇಳ್ದದ್ದು ನಾ ಹೇಳ್ದದ್ದು. ನೀರನ್ನ ಯಾರೂ ಕೇಳ್ಲಿಲ್ಲ."

ಯಾರೋ ಥೂ ಎಂದರು. ಯಾರೋ ಅತ್ತರು. ಜಟ್ಟಪ್ಪ ಬುಟ್ಟಿ ಹಿಡಿದು ನೆಲ ನೋಡುತ್ತ ನಿಂತಿದ್ದ. ಹಮ್ಮು ಗೌಡ ಬಾಯಿಗೆ ಬಂದದ್ದು ಬೈದ. ಬೈದದ್ದು ತಪ್ಪೂ ಅಲ್ಲ, ಅವನ ಮೂರು ಗದ್ದೆಯ ಬೀಜ ಅಲ್ಲಿತ್ತು. ಬೈದು ಮುಗಿದ ಮೇಲೆ ಅವನೇ ಬಗ್ಗಿ ಬೊಗಸೆ ನೀರು ಬಾಯಿಗೆ ಹಾಕಿಕೊಂಡ. ಹಾಳೆ ತೆಗೆದು, ಬರೀ ಬಾಯಲ್ಲಿ. ಮುಖ ಕಿವುಚಿದ. "ಉಪ್ಪು. ಕೊಳೆತ ಎಲೆ" ಎಂದ. ಒಬ್ಬೊಬ್ಬರಾಗಿ ಎಲ್ಲರೂ ಹಾಳೆ ತೆಗೆದು ನೀರು ಕುಡಿದರು. ಎಷ್ಟೋ ವರ್ಷದಿಂದ ಅದೇ ಹಳ್ಳದ ದಡದಲ್ಲಿ ಇದ್ದವರು ಅಂದು ಅದರ ರುಚಿ ಕಂಡು ಬೆಚ್ಚಿದರು.

ಗುಂಪಿನ ಹಿಂದೆ ನಿಂತಿದ್ದ ಉಜ್ವಲಾ ಮುಂದೆ ಬಂದಳು. "ಒಂದೇ ನಾಲಿಗೆಗೆ ಯಂತ್ರ ಕಟ್ಟಿದ್ದು ನನ್ನ ತಪ್ಪು. ನೂರಕ್ಕೆ ನೂರು ಬಂದಾಗ್ಲೇ ನಾನು ಹೆದರ್ಬೇಕಿತ್ತು" ಎಂದಳು.

ಆ ದಿನ ಕೋಡಿ ಕಡಿಯಲಿಲ್ಲ. ಮೊಳಕೆ ಮುಳುಗದಂತೆ ಗದ್ದೆಯ ಬದುವಿಗೆ ಮಣ್ಣು ಏರಿಸಿದರು, ಕೊಡದಲ್ಲಿ ನೀರು ತೋಡಿ ಹೊರಗೆ ಹಾಕಿದರು. ಹುಣ್ಣಿಮೆಯ ಉಬ್ಬರ ದಿಬ್ಬಕ್ಕೆ ಬಡಿದು ಹಿಂದೆ ಹೋಯಿತು. ತಗ್ಗಿನ ಆರು ಗದ್ದೆ ಕೊಳೆತವು. ಅದರಲ್ಲಿ ಒಂದು ಜಟ್ಟಪ್ಪನದು. ಬುದವಂತಿಯ ಜೊತೆ ನಾಲ್ಕು ದಿನ ಯಾರೂ ಮಾತಾಡಲಿಲ್ಲ. ಐದನೆಯ ದಿನ ಮಳೆ ಹಿಡಿಯಿತು, ಬಿಡದೆ ಹೊಯ್ಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಸೋಮಿ ತಾಮ್ರದ ಚೊಂಬು ಹಿಡಿದು ಗುಡ್ಡದಿಂದ ದಡದ ಗುಂಟ ಇಳಿದು ಬಂದಳು. ಒರತೆ ಒಡೆದಿತ್ತು. ಅವಳು ಏಳು ಕಡೆ ನಿಂತು, ಚೊಂಬಿನ ನೀರಿಗೂ ಹಳ್ಳದ ನೀರಿಗೂ ರುಚಿ ಹೋಲಿಸುತ್ತ, ಕಂಡದ್ದನ್ನೆಲ್ಲ ಬುದವಂತಿಗೆ ಹೇಳಿದಳು. ಬುದವಂತಿ ಕೇಳಿ ಕೇಳಿ ಕೇಳಿದಳು. ಕಬ್ಬಿಣ ಮೊದಲು ಬಂತಾ ಆಮೇಲೆ ಬಂತಾ? ನಾಲಿಗೆ ತುದಿಗಾ, ಬುಡಕ್ಕಾ? ದಿಬ್ಬದ ಬುಡದಲ್ಲಿ ಸೋಮಿ ಕೊನೆಯ ಬಾಯಿ ತೆಗೆದುಕೊಂಡಾಗ, "ಬುಡಕ್ಕೆ" ಎಂದು ಕೈಸನ್ನೆ ಮಾಡಿದಾಗ, ಬುದವಂತಿ ಹಮ್ಮು ಗೌಡನ ಕಡೆ ತಿರುಗಿ, "ಹಾಕಿ ಗೌಡ್ರೆ" ಎಂದಳು. ಮಧ್ಯಾಹ್ನದ ಹೊತ್ತಿಗೆ ಹಳ್ಳ ದಿಬ್ಬವನ್ನು ಕೊಚ್ಚಿಕೊಂಡು ಸಮುದ್ರಕ್ಕೆ ನುಗ್ಗಿತು. ಅರ್ಧ ಮೈಲಿ ದೂರದವರೆಗೆ ಕಡಲು ಕೆಂಪಾಯಿತು.

ವಾರ ಕಳೆದ ಮೇಲೆ ಉಜ್ವಲಾ ಅವಳ ಮನೆಗೆ ಬಂದಳು. ಯಂತ್ರದ ಮೂರು ವರ್ಷದ ಕಲಿಕೆಯನ್ನು ಪೂರ್ತಿ ಅಳಿಸಬೇಕು, ಈ ಸಲ ಹದಿನಾಲ್ಕು ಹೆಂಗಸರ ನಾಲಿಗೆಯಿಂದ ಹೊಸದಾಗಿ ಕಲಿಸಬೇಕು ಎಂದಳು. ಆದರೆ ಒಂದು ತೊಡಕಿತ್ತು.

"ಜನ ಬಂದು ಕೇಳ್ತಿದ್ದಾರೆ, ಬುದವಂತಕ್ಕ. ಹಳೇ ರುಚಿ ಬೇರೆ ಎತ್ತಿಡಿ, ಅಳಿಸ್ಬೇಡಿ ಅಂತ. ಆ ಕನಸು ಬೀಳದಿದ್ರೆ ಕೆಲವರಿಗೆ ನಿದ್ದೆ ಬರ್ತಿಲ್ವಂತೆ. ಬೇಕಾದ್ರೆ ಇಡಬಹುದು. ಅದು ನಿಮ್ಮದು, ನೀವೇ ಹೇಳ್ಬೇಕು." ಒಂದು ಹಾಳೆಯನ್ನು ಅವಳ ಅಂಗೈಯಲ್ಲಿಟ್ಟಳು.

ಬುದವಂತಿ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಜಗಲಿಯ ಕಂಬಕ್ಕೆ ಒರಗಿದಳು. ಕಣ್ಣು ಮುಚ್ಚಿದಳು. ನೀರು ಬಂತು, ನೆರಳು ಬಂತು, ಎಸಳು ತೇಲಿ ಬಂದವು. ಆಯಿ ಅವಳನ್ನು ಸೊಂಟದಲ್ಲಿ ಸರಿಮಾಡಿಕೊಂಡು ಇನ್ನೊಂದು ಹೆಜ್ಜೆ ಇಟ್ಟಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಉಜ್ವಲಾ ಗಡಿಯಾರ ನೋಡಲಿಲ್ಲ.

ಕಣ್ಣು ಬಿಟ್ಟು ಹಾಳೆ ತೆಗೆದು, ತೊಳೆದು, ಸೆರಗಿನಲ್ಲಿ ಒರೆಸಿ ತಿರುಗಿ ಕೊಟ್ಟಳು.

"ಇದು ನಮ್ಮ ಆಯಿ ಕಾಲದ ನೀರು ತಂಗಿ. ಇದ್ರಲ್ಲಿ ಈಗಿನ ಭತ್ತ ಬೆಳೂದಿಲ್ಲ. ಅಳ್ಸು."

ಉಜ್ವಲಾ ಹೋದ ಮೇಲೆ ಅವಳು ಒಲೆ ಹಚ್ಚಿ ಮೀನಿನ ಸಾರು ಮಾಡಿದಳು. ಜಟ್ಟಪ್ಪ ಉಣ್ಣಲು ಕೂತ. ಅವಳು ಸೌಟು ಹಿಡಿದು ಎದುರಿಗೆ ಕೂತು, "ಉಪ್ಪು ಸಾಕಾ, ನೋಡಿ ಹೇಳಿ" ಎಂದಳು.

ಜಟ್ಟಪ್ಪ ತುತ್ತು ಬಾಯಿಗಿಟ್ಟು, ಅಗಿದು, ನುಂಗಿದ.

"ಮೂರು ವರ್ಷದಿಂದ ಜಾಸ್ತಿನೇ ಬೀಳ್ತಿತ್ತು" ಎಂದ. "ಇವತ್ತು ಕಮ್ಮಿ ಆಗದೆ. ಒಂದು ಚಿಟಿಕೆ ಹಾಕು."

ಅವಳು ಒಂದು ಚಿಟಿಕೆ ಹಾಕಿದಳು.